ಹಾರೈಕೆಯ ಪುಟ

ಮಾತು ಕಲಿತಾಗಿನಿಂದ ‘ಕಲ್ಲೇಶ ಮಾವ’ ಎನ್ನುತ್ತಿದ್ದ ನಿರ್ಮಲಾ ಅವತ್ತು ಅವನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ‘ಕಲ್ಲೇಶಣ್ಣ’ ಎಂದಳು. ಆಕೆಯ ಮದುವೆ ಗೊತ್ತಾದ ಸುದ್ದಿ ಕೇಳಿದಾಗಲೂ ಅವನಿಗೆ ಅಷ್ಟು ಚುಚ್ಚಿರಲಿಲ್ಲ. ಆ ಒಂದು ‘ಅಣ್ಣ’ ಚುಚ್ಚಿತು. ಸೋದರತ್ತೆಯ ಮಗನಾಗಿ ಹುಟ್ಟಿದವನಿಗೆ ಊರೆಲ್ಲ ಚಿಕ್ಕಂದಿನಿಂದ ಅವಳನ್ನು ಹಚ್ಚಿ ಚೇಷ್ಟೆ ಮಾಡಿತ್ತು. ಚೇಷ್ಟೆಯನ್ನು ಖರೇ ಎಂದು ನಂಬಿದವನು ಅವನೊಬ್ಬನೇ ಎಂಬುದು ಅವತ್ತು ಗೊತ್ತಾಯಿತು.

ಮಗಳ ಹಿಂದೆ ಸೋದರಮಾವ ಶಂಕ್ರಪ್ಪನೂ ಬಂದಿದ್ದ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಅವನು ಒಳಗೆ ಕಾಲಿಟ್ಟರೆ ಸಾಕು, ಅಂಗಿಗಂಟಿದ ಘಾಟಿಗೆ ಜೆರಾಕ್ಸ್ ಮಾಡಿಸಲು ನಿಂತವರೆಲ್ಲ ಸೀನುತ್ತಿದ್ದರು. ರಾಣೇಬೆನ್ನೂರಿನಲ್ಲಿ ಕಲ್ಲೇಶನದು ಅರ್ಜಿ ತುಂಬುವ, ಲಗ್ನಪತ್ರಿಕೆ ಬರೆಸುವ ಅಂಗಡಿ. ಈಗ ಮದುವೆಗೊಂದು ವೆಬ್‌ಸೈಟನ್ನೂ ಮಾಡಿಕೊಡುತ್ತಿದ್ದ. ಶಂಕ್ರಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟು, “ನಿನ್ನ ಬಿಟ್ರ ನಮಗ ಯಾರದಾರಪಾ? ಮನೀ ಹುಡುಗ. ಇಕಿ ಹೆಂಗ ಹೇಳ್ತಾಳೋ ಹಂಗ ಮಾಡಿಕೊಡು,” ಎಂದ.

ಅವಳು ಹೇಳಿದ್ದು ಬಹಳ ಇತ್ತು. ಮನೆಯ ವಿಳಾಸ ಬೇಡ, ಕಲ್ಯಾಣ ಮಂಟಪದ ಹೆಸರು ಸಾಕು. ಯಾರ ಫೋನ್ ನಂಬರೂ ಬೇಡ. ಹುಟ್ಟಿದ ದಿನ, ಕಲಿತ ಕಾಲೇಜು ಯಾವುದೂ ಬೇಡ. ಗೂಗಲ್‌ನಲ್ಲಿ ಹುಡುಕಿದರೆ ಸಿಗಬಾರದು, ಪಾಸ್‌ವರ್ಡ್ ಇದ್ದವರಿಗಷ್ಟೇ ತೆರೆಯಬೇಕು, ಮದುವೆ ಮುಗಿದ ಕೂಡಲೇ ಅಳಿಸಬೇಕು. ಗೆಳತಿ ತಬಸ್ಸುಮ್‌ಳ ಮದುವೆಯ ಪುಟದಿಂದ ಯಾರೋ ಫೋಟೋ ಕದ್ದು, ಹೊಲಸು ಬರಹ ಹಚ್ಚಿ ಫೋನಿಂದ ಫೋನಿಗೆ ಹಾರಿಸಿದ್ದರಂತೆ. ಆ ಹುಡುಗಿ ಈಗಲೂ ಮಂದಿಯೆದುರು ತಲೆ ಎತ್ತುವುದಿಲ್ಲವಂತೆ. “ನನ್ನ ಫೋಟೋ ನಿನ್ನ ಹಂತೇಕ ಬಿಟ್ರ ಯಾರ ಹಂತೇಕೂ ಇರಬಾರದು ನೋಡಣ್ಣ,” ಎಂದಳು ನಿರ್ಮಲಾ. ಮತ್ತೆ ಅಣ್ಣ.

ಉಪಾಯ ಹುಟ್ಟಿದ್ದು ಆ ಮಾತಿನಿಂದಲೇ. ತಬಸ್ಸುಮ್‌ಳಿಗೆ ಆದದ್ದು ಇವಳಿಗೂ ಆದರೆ? ವರ ಸುದೀಪ ಹಾವೇರಿಯ ವಕೀಲ, ಮರ್ಯಾದಸ್ಥರ ಮನೆ; ಹಿಂದೆ ಸರಿಯುತ್ತಾರೆ. ಹಾಕಿದ ಹಂದರ ಹಾಗೇ ಬಿಚ್ಚಲು ಯಾವ ತಂದೆಯೂ ಒಪ್ಪುವುದಿಲ್ಲ. ಅದೇ ಮುಹೂರ್ತಕ್ಕೆ ಇನ್ನೊಬ್ಬ ಹುಡುಗನನ್ನು ಹುಡುಕುತ್ತಾನೆ, ಹುಡುಕುವ ಕಣ್ಣು ಮೊದಲು ಬೀಳುವುದು ತಂಗಿಯ ಮಗನ ಮೇಲೆ. ಅವನು ಬಾಯಿ ಬಿಟ್ಟು ಕೇಳುವುದೂ ಬೇಡ, ತಲೆ ತಗ್ಗಿಸಿ ಒಪ್ಪಿದರೆ ಸಾಕು. ದೊಡ್ಡ ಮನಸ್ಸಿನ ಹುಡುಗ ಎನಿಸಿಕೊಳ್ಳುತ್ತಾನೆ.

ಇದನ್ನು ಯೋಚಿಸುವಾಗ ಅವನಿಗೆ ನಾಚಿಕೆಯಾಗಲಿಲ್ಲ ಎನ್ನುವಂತಿಲ್ಲ. ಅಂಗಡಿಯ ಗೋಡೆಗಿದ್ದ ಕನ್ನಡಿಯನ್ನು ತೆಗೆದು ಮೇಜಿನ ಕೆಳಗಿಟ್ಟ. ಅವ್ವ ಕರೆವ್ವ ರೊಟ್ಟಿ ಬಡಿಯುತ್ತ ತವರಿನ ಮದುವೆಯ ಮಾತೆತ್ತಿದರೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಆದರೆ ಕೈ ಮಾತ್ರ ಕೆಲಸ ಬಿಡಲಿಲ್ಲ.

ಫೋಟೋ ಸಿಕ್ಕದ್ದು ಬ್ಯಾಡಗಿಯಲ್ಲಿ, ಅವ್ವನನ್ನು ತವರಿಗೆ ಬಿಡಲು ಹೋಗಿದ್ದ ಭಾನುವಾರದ ಸಂಜೆ. ನಿರ್ಮಲಾ ಕಟ್ಟೆಯ ಮೇಲೆ ಬಂದು ಕುಳಿತಳು, ಇವನು ತೆಗೆದ. ಬರೀ ಮುಖ ಕಾಣುವ ಒಂದನ್ನು ಆರಿಸಿ, ಉಳಿದವನ್ನು ಅಳಿಸಲು ಹೇಳಿದಳು. ಅವನು ಅಳಿಸಿದ, ಒಂದನ್ನು ಬಿಟ್ಟು. ಒಳಗಿನಿಂದ ಯಾರೋ ಏನೋ ಅಂದದ್ದಕ್ಕೆ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ ಫೋಟೋ ಅದು. ಅಂಥ ನಗು ಹುಡುಗಿಯರು ಕ್ಯಾಮೆರಾಕ್ಕೆ ನಗುವುದಿಲ್ಲ, ಮನಸ್ಸಿಗೆ ಬಂದವನೆದುರು ನಗುತ್ತಾರೆ. ಅದಕ್ಕೇ ಅದು ಬೇಕಾಗಿತ್ತು.

ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅವಳ ಪಕ್ಕದಲ್ಲಿ ಯಾರದೋ ಹೆಗಲನ್ನು ಕೂಡಿಸಿದ, ಹಿಂದೆ ದಾವಣಗೆರೆಯ ಗಾಜಿನ ಮನೆಯನ್ನು ನಿಲ್ಲಿಸಿದ. ನೆರಳು ಎರಡೂ ಒಂದೇ ಕಡೆ ಬೀಳುವಂತೆ ನೋಡಿಕೊಂಡ. ಕೂದಲಿನ ಅಂಚು ಕತ್ತರಿಸಿದಂತೆ ಕಾಣದ ಹಾಗೆ ಎಳೆ ಎಳೆಯಾಗಿ ತಿದ್ದಿದ. ಸೈಟಿನಲ್ಲಿ ಬಂಧುಗಳು ಹಾರೈಕೆ ಬರೆಯುವ ಪುಟವೊಂದಿತ್ತು. ಮೊದಲು ತಾನು ಓದಿ, ಆಮೇಲೆ ತೋರಿಸುವುದಾಗಿ ನಿರ್ಮಲಾಳಿಗೆ ಮಾತು ಕೊಟ್ಟಿದ್ದ. ಆ ಬೀಗವನ್ನು ‘ಮರೆತು’ ತೆರೆದಿಟ್ಟ. ಪಾಸ್‌ವರ್ಡ್ ಎರಡೂ ಕಡೆಯ ಬೀಗರಿಗೆಲ್ಲ ಗೊತ್ತು, ಯಾರ ಕಡೆ ಅಂತ ಬೆರಳು ತೋರಿಸುತ್ತಾರೆ?

ಹಾವೇರಿಗೆ ಹೋಗಿ ಒಂದು ಖಾನಾವಳಿಯ ಮೂಲೆಯಲ್ಲಿ ಕುಳಿತ. ವೈಫೈ ಅವರದು, ಹಳೆಯ ಫೋನು ಯಾರ ಹೆಸರಿನದೂ ಅಲ್ಲ. ಫೋಟೋದ ಕೆಳಗೆ ಬರೆದ: ‘ಹೋದ ವರ್ಷ ದಾವಣಗೆರೆಯಲ್ಲಿ ನನ್ನ ಜೊತೆ ಹೀಗೆ ನಕ್ಕವಳು. ಇನ್ನು ನಿಮ್ಮ ಜೊತೆ ನಗಲಿ. ಶುಭವಾಗಲಿ.’ ಬಡಿಸುವಾಕೆ, “ಯಾಕ್ರಿ, ರೊಟ್ಟಿ ಮುಟ್ಟೇ ಇಲ್ಲ? ಪಲ್ಯ ಖಾರಾತೇನ್ರಿ?” ಎಂದು ಕೇಳಿದಳು. ಅವನಿಗೆ ಆಕೆಯ ಮುಖ ನೋಡಲಾಗಲಿಲ್ಲ. ಫೋನನ್ನು ವರದಾ ನದಿಗೆ ಎಸೆದು ಊರಿಗೆ ಬಂದ.

ಮರುದಿನ ಬ್ಯಾಡಗಿಯಿಂದ ಕರೆ ಬಂತು. ಹೋಗಿ ನೋಡಿದರೆ ಅವನು ಅಂದುಕೊಂಡ ಹಾಗೇ ಎಲ್ಲ ಇತ್ತು. ಹಂದರದ ಕೆಳಗೆ ಶಂಕ್ರಪ್ಪ ಟೋಪಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಸುದೀಪ ಗೋಡೆ ನೋಡುತ್ತಿದ್ದ. ಒಳಗೆ ನಿರ್ಮಲಾ ಅಳುತ್ತಿರುವುದು ಕೇಳುತ್ತಿತ್ತು; ಫೋಟೋವನ್ನು ಆಕೆಗೆ ತೋರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಸೈಟಿಗೆ ಯಾರೋ ಕನ್ನ ಹಾಕಿದ್ದಾರೆ, ತನ್ನದೇ ತಪ್ಪು, ಬೀಗ ಹಾಕುವುದು ಮರೆತೆ ಎಂದು ಕಲ್ಲೇಶ ಕೈ ಮುಗಿದ. ಅವನ ಕಣ್ಣಲ್ಲಿ ಬಂದ ನೀರು ನಾಚಿಕೆಯದು, ಅದೂ ಅವನಿಗೆ ಉಪಯೋಗಕ್ಕೇ ಬಂತು. ಮಾವ ಅವನ ಬೆನ್ನು ಸವರಿದ. ಗಂಡಸರು ಫೋಟೋ ನೋಡಿದರು, ನೆರಳು ನೋಡಿದರು, ಹೆಗಲು ಯಾರದು ಎಂದು ತರ್ಕ ಮಾಡಿದರು. ಯಾರಿಗೂ ಏನೂ ಸಿಗಲಿಲ್ಲ. ಮಾವ ಒಮ್ಮೆ ಅಳಿಯನ ಮುಖವನ್ನು ನೋಡಿದ, ಏನನ್ನೋ ಅಳೆಯುವವನಂತೆ.

ಆಗ ಫೋನು ಪಡಸಾಲೆಯ ಹೆಂಗಸರ ಕಡೆ ಹೋಯಿತು. ಸುದೀಪನ ತಾಯಿ ಭರಮವ್ವ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡಿ, ತಣ್ಣಗೆ ಕೇಳಿದರು, “ಹುಡುಗಿಗೆ ಹಸರ ಬಳಿ ಯಾರ್ರಿ ಇಡಿಸಿದ್ದು?” ಕರೆವ್ವನಿಗೆ ಇಷ್ಟು ಹೊತ್ತಿನಲ್ಲಿ ಸೆಟೆದು ಹೇಳುವಂಥ ಮಾತು ಸಿಕ್ಕಿದ್ದು ಅದೊಂದೇ. “ನಾನ ರೀ. ಸೋದರತ್ತಿ ಅಲ್ಲೇನ್ರಿ? ಹೋದ ಐತಾರ ಬಳಿಗಾರನ್ನ ಮನೀಗೇ ಕರಿಸಿ ಮುಂಗೈ ತುಂಬ ಇಡಿಸೇನಿ. ಅಲ್ಲೀತನಕ ಇಕಿ ಕೈಯಾಗ ವಾಚ್ ಬಿಟ್ರ ಏನಿತ್ರಿ?” ಭರಮವ್ವ ಫೋನನ್ನು ಆಕೆಯ ಕೈಗಿಟ್ಟರು. ಹೋದ ವರ್ಷದ ದಾವಣಗೆರೆಯಲ್ಲಿ, ನಗುವ ಬಾಯಿಗೆ ಅಡ್ಡ ಹಿಡಿದ ಆ ಕೈಯಲ್ಲಿ ಮೊಣಕೈ ಹತ್ತಿರದವರೆಗೆ ಹಸಿರು ಗಾಜಿನ ಮದುಮಗಳ ಬಳೆ. ಬಳೆ ಇಟ್ಟ ಮೇಲೆ ಹುಡುಗಿ ಮನೆಯ ಅಂಗಳ ದಾಟಿಲ್ಲ. ಕರೆವ್ವ ಸೆರಗು ಎಳೆದುಕೊಂಡಳು. ಅಣ್ಣನನ್ನು ನೋಡಲಿಲ್ಲ, ಬೀಗತಿಯನ್ನು ನೋಡಲಿಲ್ಲ, ಬಾಗಿಲ ಹತ್ತಿರ ನಿಂತ ಮಗನನ್ನು ಹುಡುಕಿದಳು. “ಕಲ್ಲೇಶ,” ಎಂದಳು, ದನಿ ಏರಿಸದೆ, “ಆಕಿ ನಕ್ಕದ್ದು ನಾ ಒಳಗಿಂದ ಅಂದ ಮಾತಿಗಲ್ಲೇನೋ?”