ಹೆಗಲ ಮೇಲಿನ ಟವೆಲ್

ಭಾನುವಾರ ಬೆಳಿಗ್ಗೆ 11.40ಕ್ಕೆ ಗಡಿಯಾರ ರಿಪೇರಿಯವನೊಬ್ಬ ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ಠಾಣೆಗೆ ಬಂದ. ಧ್ವನಿ ಅರ್ಧ ಹೋಗಿತ್ತು. ಕುಳಿತ ಮೇಲೂ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದ.

"ನಾನು ಸಾಕಿರೋ ಹೆಬ್ಬಾವು ಕುತ್ತಿಗೆಗೆ ಸುತ್ಕೊಳ್ತು ಸಾರ್. ಯಾರೋ ನನ್ನನ್ನ ಕೊಲ್ಲೋಕೆ ನೋಡಿದ್ದಾರೆ."

"ಹಾಗಾದ್ರೆ ಎಫ್‌ಐಆರ್ ಹಾವಿನ ಮೇಲೋ, ಮನುಷ್ಯನ ಮೇಲೋ?" ಎಂದ ಇನ್‌ಸ್ಪೆಕ್ಟರ್.

"ಹಾವಿನ ತಪ್ಪೇನೂ ಇಲ್ಲ. ತಿನ್ನಿಸೋಕೆ ಇಕ್ಕಳದಲ್ಲಿ ಹಿಡಿದಿದ್ದ ಸತ್ತ ಇಲಿ ಬಿಟ್ಟು, ಹೆಗಲ ಮೇಲಿದ್ದ ಈ ಟವೆಲ್‌ಗೆ ಹಾರ್ತು."

ಮಹಿಳಾ ಪೇದೆ ಅವನು ತಂದಿದ್ದ ಟವೆಲ್ ಮೂಸಿ ಮುಖ ಸಿಂಡರಿಸಿದಳು. "ಇಲಿ ವಾಸನೆ ಸಾರ್."

"ಹಾವಿಗೆ ಇಲಿ ಹೇಗೆ ತಯಾರು ಮಾಡ್ತೀರಿ?" ಎಂದ ಇನ್‌ಸ್ಪೆಕ್ಟರ್.

"ರಾತ್ರಿ ಫ್ರೀಜರ್‌ನಿಂದ ಫ್ರಿಡ್ಜ್‌ನ ಕೆಳಗಿನ ತಟ್ಟೆಗೆ ಇಳಿಸ್ತೀನಿ. ಬೆಳಿಗ್ಗೆ ಕವರ್ ಸಮೇತ ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡ್ತೀನಿ. ಕೈ ತೊಳೆದು, ಹೆಗಲ ಟವೆಲ್‌ನಲ್ಲಿ ಒರೆಸ್ಕೊಂಡು, ಆಮೇಲೆ ಇಕ್ಕಳ. ಇಲ್ಲಾಂದ್ರೆ ಕೈಯನ್ನೇ ಇಲಿ ಅಂದ್ಕೊಳ್ಳುತ್ತೆ."

"ಮನೇಲಿ ಯಾರಿದ್ದಾರೆ?"

"ಹೆಂಡತಿ, ಎಂಟು ತಿಂಗಳ ಮಗಳು. ಬಾಲದ ಕಡೆಯಿಂದ ಹಾವಿನ ಸುತ್ತು ಬಿಡಿಸಿದ್ದು ಹೆಂಡತೀನೇ ಸಾರ್. ಅವಳಿಲ್ದಿದ್ರೆ ನಾನಿಲ್ಲ. ಪಕ್ಕದ ಮನೆಯವರಿಗೆ ಹಾವು ಅಂದ್ರೆ ಆಗಲ್ಲ. ಟವೆಲ್ ರಾತ್ರಿಯೆಲ್ಲಾ ಹೊರಗಿನ ಹಗ್ಗದ ಮೇಲಿತ್ತು. ನನಗೆ ಮನೆಗೆ ಹೋಗೋಕೆ ಭಯ ಆಗ್ತಿದೆ."

ಮಧ್ಯಾಹ್ನ 1.15ಕ್ಕೆ ಅವನ ಮನೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಆರಂಭವಾಯಿತು. ಹೆಬ್ಬಾವು ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿತ್ತು. ಇನ್‌ಸ್ಪೆಕ್ಟರ್ ಬೀಗವನ್ನು ಮೂರು ಸಲ ಎಳೆದು ನೋಡಿದ. ಆದರೂ ಅದಕ್ಕೆ ಬೆನ್ನು ಹಾಕಿ ನಿಲ್ಲುವ ಧೈರ್ಯ ಬರಲಿಲ್ಲ.

ಇಲಿ ಬೆಚ್ಚಗೆ ಮಾಡಿದ ಬೋಗುಣಿಯಲ್ಲಿ ನೀರು ತಿಳಿಯಾಗಿತ್ತು. ಇವತ್ತಿನ ಇಲಿ ಕವರ್ ಒಳಗೇ ಬೆಚ್ಚಗಾಗಿದೆ. ಆ ನೀರಿಗೆ ವಾಸನೆ ಹತ್ತಿಲ್ಲ. ಅಂದರೆ ಇನ್ನೊಂದು ಇಲಿಯನ್ನು ಯಾರೋ ಕವರ್ ಇಲ್ಲದೆ ನೆನೆಸಿ, ಆ ನೀರನ್ನು ಟವೆಲ್‌ಗೆ ಹಚ್ಚಿದ್ದಾರೆ. ಇಲಿಗಳಿದ್ದದ್ದು ಈ ಮನೆಯ ಫ್ರೀಜರ್‌ನಲ್ಲಿ ಮಾತ್ರ. ಪಕ್ಕದ ಮನೆಯವರು ಹಗ್ಗ ಮುಟ್ಟಬಹುದು, ಫ್ರಿಡ್ಜ್ ತೆರೆಯಲಾರರು.

ಪೇದೆ ಇಬ್ಬರು ಮಕ್ಕಳ ತಾಯಿ. ಗಂಡಸರು ಎಂದೂ ಕೈ ಹಾಕದ ಡಬ್ಬಿ ಯಾವುದೆಂದು ಅವಳಿಗೆ ಗೊತ್ತಿತ್ತು. ಮಗುವಿನ ಡಯಾಪರ್ ಬಿಸಾಡುವ ಡಬ್ಬಿಯ ತಳದಲ್ಲಿ, ಮಡಚಿದ ಡಯಾಪರ್ ಒಂದರೊಳಗೆ, ಮೆತ್ತಗಾದ ಇಲಿ ಸಿಕ್ಕಿತು.

ಹೆಂಡತಿ ಮಗುವನ್ನು ಎದೆಗೆ ಅವುಚಿಕೊಂಡಳು.

"ನೀನೇನಮ್ಮಾ?"

"ಹೌದು."

"ಯಾಕೆ?"

"ಹೋದ ತಿಂಗಳು ಹಾವು ಪೆಟ್ಟಿಗೆಯಿಂದ ತಪ್ಪಿಸ್ಕೊಂಡಿತ್ತು. ಬೆಳಿಗ್ಗೆ ನೋಡಿದ್ರೆ ತೊಟ್ಟಿಲ ಒಳಗೆ, ಇವಳ ಕಾಲ ಹತ್ರ ಬೆಚ್ಚಗೆ ಮಲಗಿತ್ತು. ಯಾರಿಗಾದ್ರೂ ಕೊಟ್ಬಿಡಿ ಅಂತ ಇವ್ರ ಕಾಲು ಹಿಡಿದೆ. ಪಾಪದ ಪ್ರಾಣಿ, ವಿಷ ಇಲ್ಲ ಕಣೇ ಅಂತ ನಕ್ರು. ಅವತ್ತಿಂದ ನಾನು ಕಣ್ಣು ಮುಚ್ಚಿಲ್ಲ ಸಾರ್."

"ಗಂಡ ಸತ್ತೇ ಹೋಗ್ತಿದ್ನಲ್ಲಮ್ಮಾ?"

"ಒಂದ್ಸಲ ಅವ್ರೂ ಹೆದರ್ಲಿ ಅಂದ್ಕೊಂಡೆ, ಅಷ್ಟೇ. ಕುತ್ತಿಗೆಗೇ ಸುತ್ತುತ್ತೆ ಅಂತ ಗೊತ್ತಿರ್ಲಿಲ್ಲ."

ಗಂಡ ಗೋಡೆಗೆ ಒರಗಿ ಕುಳಿತುಬಿಟ್ಟ.

ಸಂಜೆ 4.20ಕ್ಕೆ ಹೆಂಡತಿಯ ಬಂಧನವಾಯಿತು. ಕಾರಣದ ಸಾಲಿನಲ್ಲಿ ಇನ್‌ಸ್ಪೆಕ್ಟರ್ 'ಭಯ' ಎಂದು ಬರೆದ. ಸಹಿಗೆಂದು ಪೇದೆ ಕಾಗದ ಹಿಡಿದು ಹೋದಾಗ ಆಕೆ ಠಾಣೆಯ ಬೆಂಚಿನ ಮೇಲೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಪೇದೆ ತುಸು ಹೊತ್ತು ನಿಂತಳು, ಎಬ್ಬಿಸದೆ ಹಿಂದಿರುಗಿದಳು.