ಕೆಂಚಿಯ ಬಾತುಮರಿಗಳು

"ಈಜ್ದೆ ಇದ್ರೆ ಅದೆಂಥ ಬಾತು ಬುಡೇ. ಚಪ್ಪಟೆ ಕೊಕ್ಕಿನ ಕೋಳಿಮರಿ ಅಷ್ಟೆ," ಎಂದಳು ರಮ್ಯಾ. ಅವಳ ಕೈಯಲ್ಲಿ ಅವರಮ್ಮನ ಫೋನು ವಿಡಿಯೋಗೆ ರೆಡಿಯಾಗಿತ್ತು.

ಸಂಘಮಿತ್ರಳಿಗೆ ಉರಿದುಹೋಯಿತು. ಇಡೀ ಐದನೇ ಕ್ಲಾಸಿನಲ್ಲಿ ಬಾತುಮರಿ ಇರುವುದು ಅವಳ ಮನೆಯಲ್ಲಿ ಮಾತ್ರ. ಕುಯ್ಲಾದ ಗದ್ದೆಗಳಲ್ಲಿ ಬಾತು ಮೇಯಿಸುವವರು ಅಪ್ಪನಿಗೆ ಒಂದಿಷ್ಟು ಮೊಟ್ಟೆ ಕೊಟ್ಟಿದ್ದರು. ಅಜ್ಜಿ ಪುಟ್ಟಸಿದ್ದಮ್ಮ ಅವನ್ನು ಕಾವು ಕೂತಿದ್ದ ಕೆಂಚಿ ಕೋಳಿಯ ಕೆಳಗಿಟ್ಟಿದ್ದಳು. ಬಾತುಮೊಟ್ಟೆ ಒಡೆಯುವುದು ನಿಧಾನ ನೋಡಿ, ಅದಕ್ಕೇ ವಾರ ಬಿಟ್ಟು ಕೋಳಿಮೊಟ್ಟೆ ಸೇರಿಸಿದಳು. ಕೊನೆಗೆ ಎಲ್ಲವೂ ಒಟ್ಟಿಗೇ ಮರಿಯಾದವು.

"ಗರಿ ಬರೋಗಂಟ ಇವಕ್ಕೆ ನೀರು ತೋರಿಸ್ಬ್ಯಾಡ ಕಣವ್ವ," ಎಂದು ಅಜ್ಜಿ ಹೇಳಿಯೇ ಇದ್ದಳು. "ತಾಯಿ ಬಾತಾದ್ರೆ ಮೈಗೆ ಜಿಡ್ಡು ಹತ್ತಿಸ್ತದೆ, ನೀರು ತಾಗಕ್ಕಿಲ್ಲ. ಕೋಳಿ ಏನು ಹತ್ತಿಸ್ತದೆ?"

ಆದರೆ ಅಜ್ಜಿ ಕೆಲಸಕ್ಕೆ ಹೋಗಿದ್ದಳು. ಕೆಂಚಿ ಮರಿಗಳ ಜೊತೆ ಕೂತಿದ್ದ ಬಿದಿರಿನ ಮಂಕರಿಯೊಳಗೆ ಮಿತ್ರ ಕೈ ಹಾಕಿದಳು. ಕೆಂಚಿ ಪಟ್ಟನೆ ಕುಟ್ಟಿತು. ಅವಳು ಕೈ ಹಿಂದಕ್ಕೆಳೆದುಕೊಂಡು, ನಾಲ್ಕು ಕಾಳು ಅಕ್ಕಿ ಚೆಲ್ಲಿ, ಕೆಂಚಿ ಅತ್ತ ತಿರುಗಿದಾಗ ಎರಡು ಬಾತುಮರಿ ಎತ್ತಿಕೊಂಡಳು.

ಹಿತ್ತಿಲ ಟಬ್ಬಿನಲ್ಲಿ ಬಿಟ್ಟದ್ದೇ ತಡ, ಎಷ್ಟು ಚೆಂದ ಈಜಿದವು!

"ಸೂಪರ್ ಕಣೇ, ಇನ್ನೊಂದು ರೌಂಡು," ಎಂದಳು ರಮ್ಯಾ. ಇನ್ನೊಂದಾಯಿತು. ಮತ್ತೊಂದೂ ಆಯಿತು. ಆಮೇಲೆ ನೋಡಿದರೆ ಮರಿಗಳ ಹಳದಿ ತುಪ್ಪುಳ ಮೈಗೆ ಅಂಟಿಕೊಂಡಿತ್ತು. ಗಡಗಡ ನಡುಗುತ್ತಿದ್ದವು. ಸಂಕ್ರಾಂತಿ ಮುಂಚಿನ ಚಳಿ, ಬಿಸಿಲಿಗೂ ಶಕ್ತಿಯಿರಲಿಲ್ಲ. ಮಿತ್ರ ತನ್ನ ಸ್ವೆಟರಿನಲ್ಲಿ ಅವನ್ನು ಒರೆಸಿ ಒರೆಸಿ ಕೆಂಚಿಯ ಪಕ್ಕೆಗೆ ತಳ್ಳಿದಳು. ಕೆಂಚಿ ರೆಕ್ಕೆ ಅಗಲಿಸಿ ಒಳಗೆಳೆದುಕೊಂಡಿತು.

ಸಂಜೆ ಅಜ್ಜಿ ಮಂಕರಿಯೊಳಗೆ ನೋಡಿದಾಗ ಒಂದು ಬಾತುಮರಿ ಸೆಟೆದು ಬಿದ್ದಿತ್ತು.

"ತುಳಿದುಬುಟ್ಯಲ್ಲೇ ಹಾಳಾದ್ದೆ," ಎಂದು ಅಜ್ಜಿ ಕೆಂಚಿಯನ್ನು ಬೈದಳು. "ತನ್ನ ಮರಿ ಅಲ್ಲ ಅಂತ ಗೊತ್ತಾಗೋಯ್ತೇನೋ. ಅಲ್ವೇನೆ ಮಿತ್ರ?"

"ಹೂಂ ಅಜ್ಜಿ. ತುಳಿದಿರ್ಬೇಕು."

ಮಾತು ತಾನೇ ಬಾಯಿಂದ ಜಾರಿತ್ತು. ಮಿತ್ರಳ ಕಿವಿ ಬಿಸಿಯಾಯಿತು. ಒದ್ದೆ ಸ್ವೆಟರನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

"ಉಳಿದವನ್ನೂ ತುಳಿದುಬುಟ್ರೆ ಏನು ಗತಿ?" ಎಂದಳು ಅಜ್ಜಿ. "ಮರಿಗಳ್ನ ರಟ್ಟಿನ ಡಬ್ಬಕ್ಕೆ ಹಾಕಿ ಬಲ್ಬು ಕಟ್ಟಾನ. ಈ ಕೆಂಚಿನ ನೀರಿಗೆ ಅದ್ದಿದ್ರೆ ಮರಿ ಆಸೆ ಬುಟ್ಟು ಮತ್ತೆ ಮೊಟ್ಟೆ ಇಕ್ತದೆ."

ಕಾವು ಬಿಡಿಸಲು ಊರಲ್ಲಿ ಎಲ್ಲರೂ ಮಾಡುವುದು ಹಾಗೇ. ಅಜ್ಜಿ ಕೆಂಚಿಯ ರೆಕ್ಕೆ ಎರಡನ್ನೂ ಸೇರಿಸಿ ಹಿಡಿದು ಹಿತ್ತಿಲಿಗೆ ನಡೆದಳು. ಕೆಂಚಿ ಮಂಕರಿಯ ಕಡೆಗೆ ಕತ್ತು ಚಾಚಿ ಕರೆಯುತ್ತಿತ್ತು. ಒಳಗಿಂದ ಮರಿಗಳು ಚಿಂವ್ ಚಿಂವ್ ಎಂದು ಓಗೊಡುತ್ತಿದ್ದವು.

ಅದೇ ಟಬ್ಬು. ನೀರಿನ ಮೇಲೆ ಇನ್ನೂ ಒಂದೆಳೆ ಹಳದಿ ತುಪ್ಪುಳ ತೇಲುತ್ತಿತ್ತು.

"ಅಜ್ಜಿ, ಅದ್ದಬ್ಯಾಡ." ಮಿತ್ರ ಓಡಿಬಂದು ಅಜ್ಜಿಯ ಕೈ ಹಿಡಿದಳು. "ಕೆಂಚಿ ತುಳಿಲಿಲ್ಲ. ನಾನೇ ಮರಿಗಳ್ನ ಇದರೊಳಕ್ಕೆ ಬುಟ್ಟಿದ್ದೆ. ವಿಡಿಯೋ ಮಾಡಕ್ಕೆ."

ಅಜ್ಜಿ ಟಬ್ಬನ್ನು ನೋಡಿದಳು, ಮಿತ್ರಳನ್ನು ನೋಡಿದಳು. ಎರಡು ಏಟು ಬಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಬೀಳಲಿಲ್ಲ.

"ನಾನು ಕೇಳ್ದಾಗ ಹೂಂ ಅಂದ್ಯಲ್ಲವ್ವ," ಎಂದಳು ಅಜ್ಜಿ, ಮೆಲ್ಲಗೆ. "ಇದಕ್ಕೆ ಬಾಯಿಲ್ಲ ಅಂತಲಾ?"

ಮಿತ್ರಳಿಗೆ ತಲೆ ಎತ್ತಲಾಗಲಿಲ್ಲ. ಕಣ್ಣೀರು ನೇರ ಕಾಲ ಮೇಲೆ ಬಿತ್ತು.

"ತಗೋ. ನೀನೇ ಬುಟ್ಟು ಬಾ."

ಅವಳು ಕೆಂಚಿಯನ್ನು ಎದೆಗವಚಿಕೊಂಡು ಒಳಗೆ ಬಂದು ಮಂಕರಿಯಲ್ಲಿ ಕೂರಿಸಿದಳು. ಕೋಳಿಮರಿಗಳು ನುಗ್ಗಿ ಒಳಸೇರಿದವು. ನೀರಿಗೆ ಬಿಟ್ಟಿದ್ದ ಇನ್ನೊಂದು ಬಾತುಮರಿ ಒಂದು ಅಂಚಿನಲ್ಲಿ ಇನ್ನೂ ನಡುಗುತ್ತ ತೂಕಡಿಸುತ್ತಿತ್ತು. ಮಿತ್ರ ಅದನ್ನೆತ್ತಿ ಕೆಂಚಿಯ ರೆಕ್ಕೆಯಡಿಗೆ ಕೈ ತೂರಿಸಿದಳು. ಒಳಗೆ ಬೆಚ್ಚಗಿತ್ತು.

ಕೆಂಚಿ ಅವಳ ಕೈಯನ್ನು ಕುಟ್ಟಿತು. ಮತ್ತೆ ಕುಟ್ಟಿತು.

ಮರಿ ನಡುಗುವುದು ನಿಲ್ಲುವ ತನಕ ಮಿತ್ರ ಕೈ ಹಿಂದಕ್ಕೆ ತೆಗೆಯಲಿಲ್ಲ.