ತಟ್ಟೆ ವಾಲಿಸುವ ಕೈ

"ಕೈ ತೆಗೀರಿ ಆಚೆ!"

ಅವಳ ಕೂಗಿಗೆ, ಲ್ಯಾಬಿಗೆ ರಿಪೇರಿ ಕೆಲಸಕ್ಕೆ ಬರುತ್ತಿದ್ದ ಅವನು ಬೆಚ್ಚಿಬಿದ್ದ. ಗ್ಲೌಸ್ ಇಲ್ಲದ ಅವನ ಕೈ, ಜೀವಕೋಶಗಳ ತಟ್ಟೆಯ ಮೇಲೆಯೇ ಇತ್ತು!

"ಅಳತೆ ತಗೊಳ್ತಿದ್ದೆ ಮೇಡಂ... ಮೆಷಿನ್ ಕೂರಿಸೋಕೆ."

"ಯಾವ ಮೆಷಿನ್ನು?"

"ಹಳೇ ಪ್ರಿಂಟರ್ ಬಿಚ್ಚಿ ಮಾಡಿದ್ದು. ನೀವು ದಿನಾ ಮಾಡೋದನ್ನ ಅದೇ ಮಾಡುತ್ತೆ."

ಅವಳು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಏಳು ವರ್ಷ, ಭಾನುವಾರವೂ ಬಿಡದೆ, ತಟ್ಟೆಗಳ ಹಳೆಯ ದ್ರವ ಹೀರಿ ಹೊಸದು ಹಾಕಿ ಆ ಕೋಶಗಳನ್ನು ಸಾಕಿದವಳು. ಲ್ಯಾಬಿನಲ್ಲಿ ಅವಳ ಅಡ್ಡಹೆಸರೇ 'ಕೈಗುಣ'. ಇನ್ನು ಈ ಕೈಗೇನು ಕೆಲಸ...?

ಮರುದಿನದಿಂದ ಅವನು ಪಕ್ಕದಲ್ಲೇ ಕೂತು ಅವಳ ಕೈಯನ್ನೇ ನೋಡತೊಡಗಿದ.

"ಹಂಗೆ ನೋಡಿದ್ರೆ ಕೈ ಸವೆದುಹೋಗುತ್ತೆ."

"ಸವೆಯೋದ್ರೊಳಗೆ ಕಲ್ತುಬಿಡ್ತೀನಿ."

ಅವಳ ಮೈಯೆಲ್ಲ ಉರಿಯಿತು. ಅವನು ಬಾರದ ಒಂದು ದಿನ, ಯಾಕೋ ಇನ್ನೂ ಹೆಚ್ಚು ಉರಿಯಿತು!

ಮೆಷಿನ್ನಿನ ಪರೀಕ್ಷೆ ಶುರುವಾಯಿತು. ಮೂರನೆಯ ದಿನ ಮುಖ್ಯಸ್ಥೆ ಮೈಕ್ರೋಸ್ಕೋಪಿನಿಂದ ಮುಖವೆತ್ತಿದರು.

"ಕೋಶಗಳೆಲ್ಲ ತಟ್ಟೆಯಿಂದ ಕಿತ್ತು ಬಂದು ತೇಲ್ತಿವೆಯಪ್ಪಾ. ಇನ್ನೊಂದೇ ಸಲ ನೋಡೋಣ. ಆಗಲಿಲ್ವಾ, ಬಿಚ್ಚಿ ತಗೊಂಡ್ಹೋಗು."

ಅವರು ಹೊರಟ ಮೇಲೆ ಅವನು ತಲೆ ತಗ್ಗಿಸಿ ಸ್ಕ್ರೂಗಳನ್ನು ಮುಟ್ಟುತ್ತ ನಿಂತ.

ಅವಳಿಗೆ ಕಾರಣ ಗೊತ್ತಿತ್ತು. ಬಾಯಿ ಬಿಡದಿದ್ದರೆ ಸಾಕು, ಅವಳ ಕೆಲಸ ಉಳಿಯುತ್ತದೆ. ಅವನು ಹೋಗುತ್ತಾನೆ. ಹೋಗಲಿ...

ಹೋಗಿಯೇಬಿಟ್ಟರೆ?

ಕೂತಳು, ಎದ್ದಳು, ತೊಳೆದ ಕೈಯನ್ನೇ ಮತ್ತೆ ತೊಳೆದಳು. ಕೊನೆಗೆ ತಡೆಯಲಾರದೆ ಬಂದು ನಿಂತಳು.

"ದ್ರವ ನೆತ್ತಿ ಮೇಲೆ ಸುರಿದ್ರೆ ಅವು ಹೆಂಗ್ರೀ ಹಿಡ್ಕೊಂಡಿರ್ತವೆ? ತಟ್ಟೆ ಒಂಚೂರು ವಾಲಿಸಿ, ಅಂಚಿನಿಂದ ನಿಧಾನಕ್ಕೆ ಇಳಿಬಿಡ್ಬೇಕು."

ಅವನು ಬೆರಗಾಗಿ ನೋಡಿದ. ಜೇಬಿನ ರಬ್ಬರ್ ತೆಗೆದು ಮೆಷಿನ್ನಿನ ಹಲಗೆಯ ಒಂದು ಬದಿಯಡಿಗೆ ಇಟ್ಟು ಅದನ್ನು ವಾಲಿಸಿದ.

"ನಿಮ್ಮ ಗುಟ್ಟು ನಂಗ್ಯಾಕೆ ಹೇಳಿದ್ರಿ?"

"ನನ್ನ ಕೆಲಸ ಕಿತ್ಕೊಳ್ಳೋಕೆ ನಿಮಗ್ಯಾಕೆ ಅಷ್ಟು ಆತುರ? ಅದು ಹೇಳಿ ಮೊದಲು!" ಅವಳ ಕಣ್ಣು ತುಂಬಿತ್ತು.

"ಕೆಲಸ ಅಲ್ಲ... ಬರೀ ಭಾನುವಾರ. 'ಈ ವಾರಾನೂ ಬರೋಕಾಗಲ್ಲಮ್ಮಾ' ಅಂತ ನೀವು ಫೋನಲ್ಲಿ ಅಳ್ತಿದ್ರಿ. ಬಾಗಿಲ ಹತ್ರ ಇದ್ದೆ, ಕೇಳಿಸ್ತು. ಮುಖ್ಯಸ್ಥರನ್ನ ಕೇಳಿದ್ದೂ ರಜಾದಿನಕ್ಕೆ ಮಾತ್ರ."

"ಮೊದಲೇ ಹೇಳೋಕೇನಾಗಿತ್ತು ದಾಡಿ!"

"ನಡೀದೇ ಇರೋ ಮೆಷಿನ್ ಇಟ್ಕೊಂಡು ಆಸೆ ಹುಟ್ಟಿಸ್ಲಾ?"

ಈ ಸಲ ಕೋಶಗಳು ಕದಲಲಿಲ್ಲ. ಮೂರನೆಯ ಬೆಳಿಗ್ಗೆಯೂ ತಟ್ಟೆಗೆ ಅಂಟಿಕೊಂಡೇ ಇದ್ದವು! ತಟ್ಟೆ ಎತ್ತಲು ಇಬ್ಬರೂ ಒಟ್ಟಿಗೇ ಕೈ ಚಾಚಿದರು. ಅವನ ಕೈ ಅವಳ ಕೈ ಮೇಲೆ ಕೂತಿತು. ಮೊದಲ ದಿನದ ಬೈಗುಳ ನೆನಪಾಗಿ ಅವನು ಗಾಬರಿಯಾದ.

"ತಗೀತೀನಿ, ತಗೀತೀನಿ..."

"ಗ್ಲೌಸ್ ಹಾಕಿದೀರಲ್ಲ," ಎಂದಳು ಅವಳು, ಮೆಲ್ಲಗೆ. "ಇರ್ಲಿ ಬಿಡಿ... ಭಾನುವಾರ ಅಮ್ಮನ ಹತ್ರ ನನ್ನೊಬ್ಬಳನ್ನೇ ಕಳಿಸ್ತೀರಾ?"